ಚಪ್ಪಟೆ ರೆಕ್ಕೆ ಹಾರಿದಾಗ

ವಿಮಾನದ ರೆಕ್ಕೆಯ ಬೆನ್ನು ಉಬ್ಬು, ಹಾಗಾಗಿ ಮೇಲಿನ ಗಾಳಿಗೆ ದಾರಿ ಉದ್ದ. ಕೆಳಗಿನ ಗಾಳಿಯನ್ನು ಹಿಂದಿನ ಅಂಚಿನಲ್ಲಿ ಕೂಡಿಕೊಳ್ಳಬೇಕಲ್ಲ, ಅದಕ್ಕೇ ಓಡುತ್ತದೆ, ಒತ್ತಡ ಇಳಿದು ರೆಕ್ಕೆ ಏಳುತ್ತದೆ. ವರ್ಷಗಟ್ಟಲೆ ನಾನು ಹೀಗೇ ಪಾಠ ಮಾಡಿದ್ದೆ. ಚಾರ್ಟನ್ನೂ ಬರೆದು ಗೋಡೆಗೆ ತೂಗುಹಾಕಿದ್ದೆ.

2023ರ ಏಪ್ರಿಲ್ 2ರಂದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ, ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ, ಇಸ್ರೋದವರು ರೆಕ್ಕೆಯಿರುವ ವಾಹನವೊಂದನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ತೇಲಿ ಬಂದು ರನ್‌ವೇ ಮೇಲೆ ಇಳಿಯಿತು. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಒಂಬತ್ತನೇ ಕ್ಲಾಸಿನವರ ಪ್ರಶ್ನೆ: "ಎಂಜಿನ್ ಇಲ್ದೆ ಹೆಂಗೆ ಸಾರ್?"

ಮಾಡಿಯೇ ತೋರಿಸೋಣ ಅಂತ ಗ್ಲೈಡರ್ ಕಟ್ಟಲು ಕೂತೆ. ಗಾಳಿಪಟದ ಬಿದಿರು ಕಡ್ಡಿ, ತೆಳು ಥರ್ಮಾಕೋಲ್ ಹಾಳೆಯಲ್ಲಿ ಕತ್ತರಿಸಿದ 40 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ರೆಕ್ಕೆ, ಅದರದೇ ಚೂರಿನ ಬಾಲ, ಬಿಗಿಯಲು ರಬ್ಬರ್ ಬ್ಯಾಂಡ್. ಎಸೆದರೆ ಮೂತಿ ಎತ್ತಿತು, ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ದೊಪ್ಪನೆ ಬಿತ್ತು. ಮೂತಿಗೆ ಐದು ರೂಪಾಯಿ ನಾಣ್ಯ ಅಂಟಿಸಿ, ರೆಕ್ಕೆಯ ಮುಂದಿನ ಅಂಚಿನಿಂದ ಎರಡು ಸೆಂ.ಮೀ. ಹಿಂದೆ ಬೆರಳಿಟ್ಟರೆ ಸಮತೂಗುವ ಹಾಗೆ ಮಾಡಿದೆ. ಈಗ ನೆಟ್ಟಗೆ ನೆಲಕ್ಕೆ ಗುದ್ದಿತು. ರೆಕ್ಕೆಯ ಮುಂದಿನ ಅಂಚಿನಡಿ ಒಂದು ಬೆಂಕಿಕಡ್ಡಿ ತೂರಿಸಿದೆ, ಅಷ್ಟೇ. ಧ್ವಜಕಂಬ ದಾಟಿ ಹೋಯಿತು!

ಚಪ್ಪಾಳೆ ನಿಂತ ಮೇಲೆ ಒಬ್ಬಳು ಹುಡುಗಿ ಗ್ಲೈಡರ್ ಎತ್ತಿಕೊಂಡು ಬಂದಳು. "ಸಾರ್, ಇದು ಎರಡೂ ಕಡೆ ಚಪ್ಪಟೆ ಐತಲ್ಲ. ಮೇಲಿನ ದಾರಿ ಎಲ್ಲಿ ಉದ್ದ ಆತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಓದಿದೆ. ಮೇಲಿನ ಗಾಳಿ ವೇಗವಾಗಿ ಹೋಗುವುದು, ಅಲ್ಲಿ ಒತ್ತಡ ಕಡಿಮೆಯಾಗುವುದು ಎರಡೂ ನಿಜ. ಜೊತೆಗೇ ಸೇರಬೇಕೆಂಬ ಕಟ್ಟುಪಾಡು ಮಾತ್ರ ಕಟ್ಟುಕತೆ. ಮೇಲಿನದು ಮೊದಲೇ ದಾಟಿ ಹೋಗಿರುತ್ತದೆ. ಓರೆಯಾದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ: ನ್ಯೂಟನ್ನನ ಮೂರನೇ ನಿಯಮ. ಬೆಂಕಿಕಡ್ಡಿ ಕೊಟ್ಟಿದ್ದು ಆ ಓರೆಯನ್ನೇ. ಉಬ್ಬಿನಿಂದ ಎಳೆತ, ಅಂದರೆ ಗಾಳಿ ರೆಕ್ಕೆಯನ್ನು ಹಿಂದಕ್ಕೆ ತಡೆಯುವ ಬಲ, ಕಡಿಮೆಯಾಗುತ್ತದೆ, ಅದು ಬೇರೆ ಲಾಭ. ಎಂಜಿನ್ ಇಲ್ಲದಾಗ ವೇಗ ಬರುವುದು ಎತ್ತರ ಕಳೆದುಕೊಂಡು, ಸೈಕಲ್ ಇಳಿಜಾರಿನಲ್ಲಿ ಓಡಿದ ಹಾಗೆ.

ಮರುದಿನ ನಾಲ್ಕು ಕಡ್ಡಿ ತೂರಿಸಿ ಎಸೆದೆವು. ಮತ್ತೆ ಮೂತಿ ಎತ್ತಿ ಬಿತ್ತು. ಓರೆ ಅತಿಯಾದರೆ, ಸಾಮಾನ್ಯ ರೆಕ್ಕೆಗೆ ಸುಮಾರು 15 ಡಿಗ್ರಿ ದಾಟಿದರೆ, ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಳ್ಳದೆ ಕಿತ್ತು ಹೋಗುತ್ತದೆ. ಸ್ಟಾಲ್ ಅನ್ನುವುದು ಇದಕ್ಕೇ.

ಚಾರ್ಟನ್ನು ನಾನು ಕಿತ್ತುಹಾಕಲಿಲ್ಲ. ರೆಕ್ಕೆಯ ಹಿಂದೆ ನೆಟ್ಟಗೆ ಹೋಗುತ್ತಿದ್ದ ಬಾಣಗಳನ್ನು ಆ ಹುಡುಗಿಯೇ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕೆಳಕ್ಕೆ ಬಾಗಿಸಿದಳು.