ನೈಋತ್ಯದ ಟ್ಯಾಂಕು ಮತ್ತು ನಮ್ಮ ಸೋಲಾರ್

ಹಾಸನದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಮಾರುವ ಸಂಸ್ಥೆಯೊಂದರಲ್ಲಿ ನಾನು ಎಂಜಿನಿಯರ್. ಸೋಲಾರ್ ಅಳವಡಿಸುವ ಹೊಣೆ ನನ್ನ ಪಾಲಿಗೆ ಬರುವಷ್ಟರಲ್ಲಿ ಮೊದಲ ಕಟ್ಟಡದ ತಾರಸಿ ಮುಗಿದು, ವಾಸ್ತುವಿನಂತೆ ನೀರಿನ ಟ್ಯಾಂಕು ನೈಋತ್ಯ ಮೂಲೆಯಲ್ಲಿ ಕುಳಿತಾಗಿತ್ತು. ಲಿಫ್ಟ್, ಪಂಪು ಮತ್ತು ಮೆಟ್ಟಿಲ ದೀಪಗಳ ಬಳಕೆಯನ್ನು ಲೆಕ್ಕಹಾಕಿ, ಒಂದು ಕಿಲೋವಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿದು, 20 ಕಿಲೋವಾಟ್ ಸಾಕೆಂದು ವರದಿ ಕೊಟ್ಟೆ. ಡಿಸೆಂಬರಿನ ಒಂದು ಮಧ್ಯಾಹ್ನ ಮೂರೂವರೆಗೆ ಸೀಮೆಸುಣ್ಣ ಹಿಡಿದು ತಾರಸಿಗೆ ಹೋದಾಗಲೇ ತಪ್ಪು ಗೊತ್ತಾದದ್ದು. 12 ಅಡಿ ಎತ್ತರದ ಟ್ಯಾಂಕಿನ ನೆರಳು ಈಶಾನ್ಯದತ್ತ 19 ಅಡಿ ಚಾಚಿ, ನಾನು ಗುರುತು ಹಾಕಿದ್ದ ಎರಡು ಸಾಲು ಪ್ಯಾನೆಲ್‌ಗಳ ಜಾಗವನ್ನು ನುಂಗಿತ್ತು. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಎಳೆದುಹಾಕುತ್ತದೆ. ಕೊನೆಗೆ 14 ಕಿಲೋವಾಟ್‌ಗೆ ತೃಪ್ತಿಪಟ್ಟೆವು.

ಎರಡನೆಯ ಕಟ್ಟಡದಲ್ಲಿ ಟ್ಯಾಂಕನ್ನೇ ಉತ್ತರಕ್ಕೆ ಸರಿಸೋಣವೆಂದೆ. ಮಾರಾಟ ವಿಭಾಗದವರು ಕೈಮುಗಿದರು. ನೈಋತ್ಯ ತಗ್ಗಿದರೆ ಫ್ಲ್ಯಾಟ್ ಕೊಳ್ಳುವವರೇ ಇರುವುದಿಲ್ಲ ಎಂಬ ಅವರ ಮಾತನ್ನು ನಾನು ನಂಬದಿದ್ದರೂ ತಳ್ಳಿಹಾಕುವಂತಿರಲಿಲ್ಲ. ಹಾಗಾಗಿ ಟ್ಯಾಂಕನ್ನು ಅಲ್ಲೇ ಬಿಟ್ಟು, ಪ್ಯಾನೆಲ್‌ಗಳನ್ನು 9 ಅಡಿ ಎತ್ತರದ ಕಬ್ಬಿಣದ ಕಂಬಗಳ ಮೇಲೆ ಎತ್ತಿದೆವು. ಖರ್ಚು ಹೆಚ್ಚಾಯಿತು, ನಿಜ. ಆದರೆ ಕಂಬಗಳ ಪೀಠಗಳನ್ನು ತಾರಸಿಯ ಕಾಂಕ್ರೀಟ್ ಜೊತೆಗೇ ಹಾಕಿದ್ದರಿಂದ, ವಾಟರ್‌ಪ್ರೂಫಿಂಗ್ ಆದ ಮೇಲೆ ಡ್ರಿಲ್ ಹಾಕಿ ಸೋರಿಕೆಯನ್ನು ಕರೆದುಕೊಳ್ಳುವ ಪಾಡು ತಪ್ಪಿತು. ಮೊದಲ ಕಟ್ಟಡದಲ್ಲಿ ಮೇಸ್ತ್ರಿ, "ಸಾರ್, ಇದನ್ನ ಮೊದ್ಲೇ ಹೇಳಿದ್ರೆ ಸ್ಲ್ಯಾಬ್ ಹಾಕೋವಾಗ್ಲೇ ಮುಗಿಸ್ತಿದ್ದೆ" ಎಂದದ್ದು ನನ್ನ ತಲೆಯಲ್ಲಿ ಉಳಿದಿತ್ತು.

ಹಣದ ವಿಷಯದಲ್ಲೂ ಒಂದು ಪಾಠವಾಯಿತು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸಾಮಾನ್ಯ ಬಳಕೆಯ ಸೌಲಭ್ಯಗಳಿಗೆ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಅದು ಸಲ್ಲುವುದು ನಿವಾಸಿಗಳ ಸಂಘಕ್ಕೆ, ಬಿಲ್ಡರ್‌ಗೆ ಅಲ್ಲ. ಆದ್ದರಿಂದ ಸಂಘ ನೋಂದಣಿಯಾಗಿ, ಸಾಮಾನ್ಯ ಮೀಟರು ಅದರ ಹೆಸರಿಗೆ ಬರುವವರೆಗೆ ಕಾದು, ಆಮೇಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ನೆಟ್ ಮೀಟರಿಂಗ್, ಅಂದರೆ ಲೈನಿಗೆ ಕೊಟ್ಟ ವಿದ್ಯುತ್ತನ್ನು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆಗೆ, ಅರ್ಜಿ ಹಾಕಿಸಿದೆವು.

ದೂರುಗಳು ಮಾತ್ರ ನಾನು ಎಣಿಸದ ಕಡೆಯಿಂದ ಬಂದವು. ಮಟಮಟ ಮಧ್ಯಾಹ್ನ ಕರೆಂಟ್ ಹೋದಾಗ ಲಿಫ್ಟ್ ನಿಂತದ್ದನ್ನು ಕಂಡ ಹಿರಿಯರೊಬ್ಬರು, "ಇಷ್ಟು ಬಿಸಿಲಿದೆಯಲ್ಲಪ್ಪ, ನಿಮ್ಮ ಸೋಲಾರ್ ಏನು ಮಾಡ್ತಿದೆ?" ಎಂದು ಕೇಳಿದರು. ಲೈನಿನಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ವಿದ್ಯುತ್ತು ತಾಗಬಾರದೆಂದು, ಪ್ಯಾನೆಲ್‌ಗಳ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸುವ ಬ್ಯಾಟರಿಯಿಲ್ಲದ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇದನ್ನು ಮನೆ ಮಾರುವಾಗಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಜುಲೈನ ಮೋಡದ ವಾರಗಳಲ್ಲಿ ಉತ್ಪಾದನೆ ಕಿಲೋವಾಟ್‌ಗೆ 2 ಯೂನಿಟ್‌ಗೆ ಇಳಿದದ್ದನ್ನೂ ಆಮೇಲೆಯೇ ವಿವರಿಸಿದೆ.

ಈಗ ಪ್ಯಾನೆಲ್‌ಗಳ ಕೆಳಗೆ ತಂತಿ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಮಳೆ ಬಂದರೆ ಸಂದುಗಳಿಂದ ನೀರು ತೊಟ್ಟಿಕ್ಕುತ್ತದೆಂಬುದು ಸದ್ಯದ ತಕರಾರು. ಆ ಸಂದುಗಳಿಗೆ ತಗಡಿನ ದೋಣಿ ಕೂರಿಸಿ, ನೀರನ್ನು ಕೆಳಗಿನ ಇಂಗುಗುಂಡಿಗೆ ಇಳಿಸುವ ಕೆಲಸ ಅರ್ಧ ಮುಗಿದಿದೆ.