ಕೈ ಬಿಟ್ಟ ಮೇಲೆ ದಿಮ್ಮಿ ದಾಟಿದರು: ನಮ್ಮ ಅಂಗನವಾಡಿಯ ಅನುಭವ

ಮಕ್ಕಳ ಓಡಾಟಕ್ಕೆ, ಮೈ ಸಮತೋಲನಕ್ಕೆ ಅಂತ ನಮ್ಮ ಅಂಗನವಾಡಿಗೆ ಏನೇನೋ ತಂದು ನೋಡಿದ್ವಿ, ಕೊನೆಗೆ ಉಳಿದದ್ದು ನಡೆದು ದಾಟೋ ಒಂದು ಮರದ ದಿಮ್ಮಿ. ಮೊದಲು ಜಾರುಬಂಡೆಯ ಲೆಕ್ಕ ಹೇಳಿಬಿಡ್ತೀನಿ. ಬಾಲವಿಕಾಸ ಸಮಿತಿಯವರು ಊರಲ್ಲಿ ಚಂದಾ ಎತ್ತಿ ಹಾಸನದಿಂದ ತಂದ ಪ್ಲಾಸ್ಟಿಕ್ ಜಾರುಬಂಡೆಗೆ ನಾಲ್ಕೂವರೆ ಸಾವಿರದ ಹತ್ತಿರ ಬಿತ್ತು. ಸಕಲೇಶಪುರದ ಮಳೆ ನಿಮಗೆ ಗೊತ್ತಲ್ಲ, ಎರಡನೇ ಮಳೆಗಾಲಕ್ಕೆ ಬುಡ ಸೀಳಿ ಮೂಲೆ ಸೇರಿತು. ನೆಟ್ಟಗಿದ್ದಾಗಲಾದರೂ ಏನು? ಇಪ್ಪತ್ತು ಮಕ್ಕಳಿಗೆ ಒಂದೇ ಜಾರುಬಂಡೆ, ಸಾಲಲ್ಲಿ ನಿಂತಿದ್ದೇ ಹೆಚ್ಚು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರೋ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸಾಲಲ್ಲಿ ನಿಂತರೆ ಆ ಲೆಕ್ಕ ತುಂಬಲ್ಲ.

ಆಮೇಲೆ ಹಳೇ ಟೈರು. ಪಂಕ್ಚರ್ ಅಂಗಡಿಯವರು ಪುಕ್ಕಟೆ ಕೊಟ್ಟರು, ಬಣ್ಣಕ್ಕೆ ಐನೂರು ಹೋಯ್ತು. ಅರ್ಧ ಹೂತು ನಿಲ್ಲಿಸಿದ್ವಿ, ಚೆನ್ನಾಗೇ ಕಾಣ್ತಿತ್ತು. ಜೂನ್ ಬಂತು, ಒಳಗೆ ನೀರು ನಿಂತು ಸೊಳ್ಳೆಮರಿ. ಸರ್ವೆಗೆ ಬಂದ ಆಶಾ ಅಕ್ಕ "ಮಿಸ್, ಮೊದ್ಲು ಇದನ್ನ ಕೀಳಿಸಿ" ಅಂದರು. ಕೀಳಿಸೋ ಕೂಲಿ ಬೇರೆ. ತೂತು ಹೊಡೀರಿ ಅಂತಾರೆ ಕೆಲವರು, ನಮ್ಮ ಕಡೆ ತರಗೆಲೆ ಸೇರಿ ತೂತೇ ಕಟ್ಟಿಹೋಗುತ್ತೆ. ಮಕ್ಕಳು ಮೇಲೆ ನಡೆಯಲಿ ಅಂತ ಅಂಗಳದಲ್ಲಿ ಮಲಗಿಸಿದ ಅಡಿಕೆ ಮರದ ಕಾಂಡವೂ ಪಾಚಿ ಹಿಡಿದು ಕಾಲಿಡೋ ಹಾಗಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಸಿಲ್ವರ್ ಮರದ (ಕಾಫಿ ತೋಟದ ಸಿಲ್ವರ್ ಓಕ್) ದಿಮ್ಮಿ. ಪಕ್ಕದ ಎಸ್ಟೇಟಿನ ಸಾಹುಕಾರರು ಮರಗಸಿ (ನೆರಳು ತಗ್ಗಿಸೋಕೆ ಮರ ಸವರೋದು) ಮಾಡಿಸುವಾಗ ಹತ್ತು ಅಡಿ ಉದ್ದದ್ದು ಒಂದು ಕೊಟ್ಟರು. ಸಾಮಿಲ್ಲಿನಲ್ಲಿ ಮೇಲೂ ಕೆಳಗೂ ಚಪ್ಪಟೆ ಸೀಳಿಸಿ, ಗೇಣಗಲ ಮಾಡಿಸೋಕೆ ಮುನ್ನೂರು ಚಿಲ್ಲರೆ. ಹಗ್ಗ, ಇಟ್ಟಿಗೆ, ಆಟೋ ಬಾಡಿಗೆ ಎಲ್ಲ ಸೇರಿ ಸಾವಿರದೈನೂರು ದಾಟಿಲ್ಲ. ಅದನ್ನ ಒಳಗೇ ಇಟ್ಟಿಗೆ ಮೇಲೆ ಇಟ್ಟೆ, ಗೋಡೆಯಿಂದ ದೂರ. ಎರಡೂ ಕಡೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲ.

ಸುತ್ತಲ ಅಂಗನವಾಡಿಯವರೆಲ್ಲ ಸೇರೋ ಸರ್ಕಲ್ ಮೀಟಿಂಗಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಸೂಪರ್‌ವೈಸರ್ ಮೇಡಂ "ಒಂದು ಮಗು ಬಿದ್ದು ಕೈ ಮುರಕೊಂಡ್ರೆ ಯಾರಮ್ಮ ಜವಾಬ್ದಾರಿ?" ಅಂದರು. ಲೈನ್ ಮನೆಯ (ಎಸ್ಟೇಟ್ ಕೂಲಿಯವರ ಸಾಲುಮನೆ) ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು "ಅಕ್ಷರ ಕಲಿಸಿ ಅಂದ್ರೆ ಮಂಗನಾಟ ಕಲಿಸ್ತೀಯಲ್ಲವ್ವ" ಅಂತ ಬೈದು ಹೋದರು.

ಶುರುವಿನಲ್ಲಿ ಕೈ ಹಿಡಿದೇ ನಡೆಸ್ತಿದ್ವಿ. ಎಲ್ಲ ಮಕ್ಕಳೂ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಗ್ತಿದ್ದವು, ಕೈ ಬಿಟ್ಟರೆ ಎರಡೇ ಹೆಜ್ಜೆ. ಕೈ ಹಿಡಿದಾಗ ಮಗು ದಿಮ್ಮಿ ಮೇಲೆ ನಡೆಯಲ್ಲ, ನಮ್ಮ ಕೈ ಮೇಲೆ ನಡೆಯುತ್ತೆ. ಇಟ್ಟಿಗೆ ತೆಗೆದು ದಿಮ್ಮಿಯನ್ನ ನೆಲಕ್ಕೆ ಮಲಗಿಸಿದೆ. ಹೆಲ್ಪರ್ ಅಕ್ಕನಿಗೆ ಒಂದೇ ಮಾತು: ಹತ್ತಿಸಬೇಡಿ, ಹಿಡೀಬೇಡಿ, ಇಳಿಸಬೇಡಿ, ಪಕ್ಕದಲ್ಲಿರಿ.

ಮೂರೂವರೆ ವರ್ಷದ ಒಂದು ಹುಡುಗಿ ಇತ್ತು, ಮಹಾ ಪುಕ್ಕಲು. ಬರಿಗಾಲಲ್ಲಿ ಅಡ್ಡಡ್ಡ ಸರೀತಿತ್ತು, ಕಾಲ್ಬೆರಳು ಮಡಚಿ ಮರವನ್ನ ಕಚ್ಚಿ ಹಿಡಿದು. ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿರೋದು, ಆಗತಾನೇ ನಡಿಗೆ ಕಲಿಯೋ ಕೂಸು ಎತ್ತುತ್ತಲ್ಲ, ಹಾಗೇ. ನನಗೆ ಅಳತೆಗೋಲು ಆ ಕೈಯೇ. ಮೂರು ವಾರವೋ ನಾಲ್ಕೋ, ಕೈ ತಾನಾಗೇ ಸೊಂಟದ ಹತ್ತಿರ ಇಳೀತು, ಪಾದ ನೇರ ಆಯ್ತು. ಆಮೇಲೇ ಒಂದು ಇಟ್ಟಿಗೆ ಏರಿಸಿದ್ದು. ಈಗ ಮಕ್ಕಳ ಮೊಣಕಾಲೆತ್ತರದಲ್ಲಿದೆ, ಒಂದು ತುದಿ ತಗ್ಗು. ಬಿದ್ದವರಿದ್ದಾರೆ, ಗೋಣಿಚೀಲದ ಮೇಲೆ. ತರಚಿದ ಗಾಯ ಬಿಟ್ಟರೆ ಬೇರೇನಿಲ್ಲ. ಅಂಗಳದಲ್ಲಿ ಓಡಿ ಬೀಳೋದು ಇದಕ್ಕಿಂತ ಜಾಸ್ತಿ.

ಜಾರದ ಹಾಗೆ ದಿಮ್ಮಿಗೆ ಏನು ಸವರಿದೀನಿ ಅಂತ ಮಾತ್ರ ಹೇಳಲ್ಲ. ಬಂದು ನೋಡಿದವರಿಗೆ ತೋರಿಸ್ತೀನಿ.

ನಡುವೆ ಚೊಂಬಿನ ಪ್ರಯೋಗ ಒಂದು ಮಾಡಿದೆ. ಚೆನ್ನಾಗಿ ದಾಟೋ ಮಕ್ಕಳ ಕೈಗೆ ಅರ್ಧ ನೀರಿನ ಚೊಂಬು ಕೊಟ್ಟರೆ ಮತ್ತೆ ಅಡ್ಡಡ್ಡ ಸರಿಯೋಕೆ ಶುರು! ಕಣ್ಣೆಲ್ಲ ನೀರಿನ ಮೇಲೆ. ಆರು ವರ್ಷಕ್ಕೆ ಹತ್ತಿರ ಇದ್ದ ಮೂವರು ಮಾತ್ರ ಚೆಲ್ಲದೆ ದಾಟಿದರು. ಚೆಂಡು ಹಿಡಿಯೋದೂ ಹಾಗೇ. ರಬ್ಬರ್ ಚೆಂಡು ಎಸೆದರೆ ಕಣ್ಣು ಮುಚ್ಚಿ ಮುಖ ತಿರುಗಿಸ್ತಿದ್ದವು, ಬಲೂನಿಗೆ ಗಾಳಿ ತುಂಬಿ ಬಿಟ್ಟೆ. ನಿಧಾನಕ್ಕೆ ಇಳಿಯೋದರಿಂದ ಕೈ ಒಡ್ಡೋಕೆ ಪುರುಸೊತ್ತು ಸಿಗುತ್ತೆ. ಬಲೂನಿಂದ ಬಟ್ಟೆ ಚೆಂಡು, ಅಲ್ಲಿಂದ ರಬ್ಬರ್. ಕುಂಟೆಬಿಲ್ಲೆಯನ್ನ ಮಾತ್ರ ಮೂರು ವರ್ಷದವರಿಗೆ ಹಾಕಿ ಅಳಿಸಬೇಡಿ. ಒಂಟಿಕಾಲಲ್ಲಿ ಕುಪ್ಪಳಿಸೋದು ನಾಲ್ಕು ದಾಟಿದ ಮೇಲಿನ ಮಾತು. ಮೆಟ್ಟಿಲಿಂದ ಎರಡೂ ಕಾಲು ಜೋಡಿಸಿ ಕೆಳಗೆ ಹಾರೋದು ಮೊದಲು ಬರಲಿ.

ಪಡಿ ಒಯ್ಯೋಕೆ ಬರೋ ತಾಯಂದಿರದ್ದು ಇನ್ನೊಂದು ಕತೆ. ನಾಮಕರಣಕ್ಕೆ ಉಡುಗೊರೆ ಅಂತ ಇನ್ನೂ ವಾಕರ್ (ಕೂಸನ್ನ ಒಳಗೆ ಕೂರಿಸೋ ಚಕ್ರದ ಗಾಡಿ) ಕೊಡ್ತಾರೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಷೇಧಿಸಿದ್ದಾರೆ ಅಂದ್ರೆ "ಅಲ್ಲಿ ಚಳಿಗಿರಬೇಕು ಮಿಸ್" ಅಂತಾರೆ! ಪಕ್ಕದ ಮನೆ ಕೂಸು ಹತ್ತು ತಿಂಗಳಿಗೇ ನಡೀತು, ನಮ್ಮದು ಇನ್ನೂ ಇಲ್ಲ ಅನ್ನೋ ಗೋಳು. ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ನಡೆದರೂ ಸರಿಯೇ, ಅಂಬೆಗಾಲೇ ಇಡದೆ ಎದ್ದು ನಡೆಯೋ ಕೂಸುಗಳೂ ಇವೆ. ನೆಲದ ಮೇಲೆ ಬಿಡಿ, ಸಾಕು.

ಹೋದ ತಿಂಗಳು ಅದೇ ಮೇಡಂ ಪಕ್ಕದ ಸರ್ಕಲ್‌ನ ಟೀಚರುಗಳನ್ನ ಕರಕೊಂಡು ಬಂದಿದ್ದರು. ಬೈದ ಅಜ್ಜಿಯ ಮೊಮ್ಮಗನೇ ಮುಂದೆ ನಿಂತು ಹಿಮ್ಮುಖ ನಡೆದು ತೋರಿಸಿದ. ಆ ಟೀಚರುಗಳಿಗಾಗಿ ಸಾಹುಕಾರರ ಹತ್ತಿರ ಇನ್ನೆರಡು ದಿಮ್ಮಿ ಕೇಳಿಟ್ಟಿದ್ದೀನಿ. ಕೊಡ್ತಾರಂತೆ, ಸಾಗಿಸೋ ಬಾಡಿಗೆ ಯಾರ ತಲೆಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.