ಗ್ಯಾಸ್ ಬಿಟ್ಟು ಕರೆಂಟಿಗೆ: ಕ್ಯಾಲಿಫೋರ್ನಿಯಾಕ್ಕೆ ಹೊರಟ ನಮ್ಮ ಕಡೆಯವರಿಗೆ

ಕ್ಯಾಲಿಫೋರ್ನಿಯಾದಿಂದ ರಜಕ್ಕೆ ದಾವಣಗೆರೆಗೆ ಬಂದು ಹತ್ತು ದಿನ ಆಯಿತು. ವಿದ್ಯಾನಗರದ ಮನೆಯ ಮುಂದೆ ಕೂತು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಇದನ್ನು ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಹೊರಟಿರುವ ಎರಡು ಕುಟುಂಬದವರು ಈ ವಾರ ಮನೆಗೆ ಬಂದಿದ್ದರು. ಒಬ್ಬರು ಇಲ್ಲಿಯವರೇ, ಇನ್ನೊಬ್ಬರು ಚಿತ್ರದುರ್ಗದವರು. ‘ಅಲ್ಲಿ ಈಗ ಎಲ್ಲಾ ಕರೆಂಟಿನ ಮನೆ ಅಂತಾರಲ್ಲ, ಏನದು?’ ಅಂತ ಇಬ್ಬರೂ ಕೇಳಿದರು.

ಅಲ್ಲಿ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕೆಲಸ ಪೈಪಿನ ಗ್ಯಾಸಿನಲ್ಲಿ ನಡೆಯುತ್ತವೆ. ಅಡುಗೆ, ಬಿಸಿನೀರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು, ಬಟ್ಟೆ ಒಣಗಿಸುವುದು. ಈ ನಾಲ್ಕನ್ನೂ ಕರೆಂಟಿಗೆ ತರುವುದೇ ‘ಆಲ್ ಎಲೆಕ್ಟ್ರಿಕ್’. ನಮ್ಮವರು ಮೊದಲು ಒಲೆಯ ಚಿಂತೆ ಮಾಡುತ್ತಾರೆ. ಆದರೆ ಗ್ಯಾಸ್ ಕುಡಿಯುವುದು ಮುಖ್ಯವಾಗಿ ನೀರು ಕಾಯಿಸುವುದು ಮತ್ತು ಮನೆ ಬಿಸಿ ಮಾಡುವುದು. ಒಲೆಯದು ಸಣ್ಣ ಪಾಲು.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದು ಡಿಸೆಂಬರ್ ಬೆಳಿಗ್ಗೆ ನಮ್ಮ ಗ್ಯಾಸ್ ವಾಟರ್ ಹೀಟರ್ ಸೋರಿ ಗ್ಯಾರೇಜ್ ತುಂಬಾ ನೀರು. ಮನೆಯಲ್ಲಿ ಚಿಕ್ಕ ಮಗು. ಕರೆಂಟಿನಲ್ಲಿ ನೀರು ಕಾಯಿಸುವ ‘ಹೀಟ್ ಪಂಪ್’ ಹಾಕಿಸೋಣ ಅಂದರೆ ಅದಕ್ಕೆ ಬೇಕಾದ ಕರೆಂಟ್ ಲೈನ್ ಇಲ್ಲ, ಎಲೆಕ್ಟ್ರಿಶಿಯನ್ ಸಿಗುವುದು ಮೂರು ವಾರ ಬಿಟ್ಟು. ಬಂದ ಪ್ಲಂಬರ್ ‘ಸಂಜೆಯೊಳಗೆ ಗ್ಯಾಸಿನದು ಕೂರಿಸಿಕೊಡ್ತೀನಿ’ ಅಂದ. ಹೂಂ ಅಂದೆ. ಅಂಥ ಟ್ಯಾಂಕ್ ಒಮ್ಮೆ ಕೂರಿಸಿದರೆ ಹತ್ತು ಹನ್ನೆರಡು ವರ್ಷ ಅಲ್ಲಾಡುವುದಿಲ್ಲ. ಅದಕ್ಕೇ ಹೇಳುವುದು, ಹಳೆಯ ಹೀಟರ್ ಕೆಡುವ ಮೊದಲೇ ಹೀಟ್ ಪಂಪಿನ ಲೈನ್ ಸಿದ್ಧ ಇರಬೇಕು. ಮನೆ ಕೊಂಡ ವರ್ಷವೇ ಟ್ಯಾಂಕಿನ ಮೇಲಿನ ತಯಾರಿಕೆಯ ದಿನಾಂಕ ನೋಡಿಕೊಳ್ಳಿ.

ಆಮೇಲೆ ಬ್ರೇಕರ್ ಪ್ಯಾನೆಲ್ (ನಮ್ಮಲ್ಲಿನ ಫ್ಯೂಸ್ ಬೋರ್ಡಿನಂಥದ್ದು) ಬಾಗಿಲು ತೆಗೆಯಿರಿ. ಮೇನ್ ಬ್ರೇಕರ್ ಮೇಲೆ 100, 200 ಹೀಗೆ ಆಂಪ್ಸ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ, ಬರೆದಿರುತ್ತದೆ. 100 ಇದ್ದರೆ ‘ಮೊದಲು ಪ್ಯಾನೆಲ್ ದೊಡ್ಡದು ಮಾಡಿಸಿ’ ಅನ್ನುವವರು ಜಾಸ್ತಿ. ಅದಕ್ಕೆ ಸಾವಿರಾರು ಡಾಲರ್. ಬೀದಿಯಿಂದ ಬರುವ ವೈರ್ ಕೂಡ ಬದಲಿಸಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ತಕ್ಷಣ ಒಪ್ಪಬೇಡಿ. 240 ವೋಲ್ಟಿನಲ್ಲಿ 100 ಆಂಪ್ಸ್ ಅಂದರೆ 24 ಕಿಲೋವಾಟ್, ಕಡಿಮೆಯೇನಲ್ಲ. ಹಿಂದಿನ ಒಂದು ವರ್ಷದಲ್ಲಿ ನಿಮ್ಮ ಮನೆ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ಲೋಡ್ ಹಿಡಿದು, ಅದನ್ನು 1.25ರಿಂದ ಗುಣಿಸಿ, ಹೊಸ ಲೋಡ್ ಕೂಡಿಸುವ ಲೆಕ್ಕ ಅಲ್ಲಿನ ವಿದ್ಯುತ್ ನಿಯಮದಲ್ಲೇ ಇದೆ. ಆ ಲೆಕ್ಕ ಮಾಡಿಕೊಡುವ ಎಲೆಕ್ಟ್ರಿಶಿಯನ್ನನ್ನೇ ಹುಡುಕಿ. ಕಾರು ಚಾರ್ಜ್ ಮಾಡುವುದಿದ್ದರೆ ಅದನ್ನೂ ಈಗಲೇ ಸೇರಿಸಿಕೊಳ್ಳಿ. ಎಷ್ಟೋ ಸಲ ಇದ್ದ ಪ್ಯಾನೆಲ್ಲೇ ಸಾಕಾಗುತ್ತದೆ.

ಹೀಟ್ ಪಂಪ್ ಅಂದರೆ ಗಾಬರಿ ಬೇಡ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ತಾಗುತ್ತದೆ ಅಲ್ವಾ? ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತಿದೆ ಅಷ್ಟೆ. ಇದೂ ಹಾಗೇ, ಗಾಳಿಯಲ್ಲಿನ ಬಿಸಿಯನ್ನು ನೀರಿಗೆ ಸಾಗಿಸುತ್ತದೆ. ನಮ್ಮೂರಿನ ಗೀಸರ್ ಮೂರು ಯೂನಿಟ್ ತಿನ್ನುವ ಕಡೆ ಇದಕ್ಕೆ ಸುಮಾರು ಒಂದು ಯೂನಿಟ್ ಸಾಕು. ಆದರೆ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ಫ್ಯಾನಿನ ಸದ್ದಿರುತ್ತದೆ, ತೊಟ್ಟಿಕ್ಕುವ ನೀರು ಹೋಗಲು ಪೈಪ್ ಬೇಕು. ಮಲಗುವ ಕೋಣೆಯ ಗೋಡೆಗೆ ತಾಗಿಸಿ ಇಡಿಸಬೇಡಿ. ಹೊಸ ಲೈನ್ ಎಳೆಸಲು ಆಗದಿದ್ದರೆ ಮಾಮೂಲಿ 120 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಮಾದರಿಗಳೂ ಇವೆ. ನೀರು ಕಾಯುವುದು ನಿಧಾನ.

ಇನ್ನು ಅಡುಗೆಮನೆ. ಗ್ಯಾಸಿನ ಬದಲು ಇಂಡಕ್ಷನ್ ಒಲೆ, ಅಂದರೆ ಆಯಸ್ಕಾಂತದ ಬಲದಿಂದ ಪಾತ್ರೆಯ ತಳವನ್ನೇ ಕಾಯಿಸುವ ಕರೆಂಟಿನ ಒಲೆ. ಮೊನ್ನೆ ದೊಡ್ಡಮ್ಮ ಕೇಳಿದರು, ‘ಅಲ್ಲಪ್ಪಾ, ಬೆಂಕಿ ಇಲ್ದೆ ರೊಟ್ಟಿ ಹೆಂಗೆ ಉಬ್ಬುತ್ತೆ?’ ಉಬ್ಬುತ್ತದೆ ದೊಡ್ಡಮ್ಮ. ಕಬ್ಬಿಣದ ಹಂಚು ಚೆನ್ನಾಗಿ ಕಾದಿರಬೇಕು, ಒಣ ಬಟ್ಟೆಯಿಂದ ಅಂಚು ಒತ್ತುತ್ತಾ ಹೋಗಬೇಕು. ಉರಿಯ ಮೇಲೆ ಇಟ್ಟಾಗ ಬರುವ ಕಪ್ಪು ಚುಕ್ಕೆ ಬರುವುದಿಲ್ಲ, ಅದು ನಿಜ. ಬದನೆಕಾಯಿ ಸುಡಲು ಓವನ್ನಿನ ಮೇಲಿನ ಕಾಯಿಲ್ ಅಥವಾ ಹಿತ್ತಲ ಗ್ರಿಲ್. ದೋಸೆಗೆ ಹಂಚನ್ನು ಮಧ್ಯಮ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ. ಅವಸರ ಮಾಡಿದರೆ ನಡುವೆ ಸೀದು ಅಂಚು ಹಸಿ. (ಸೌದೆ ಒಲೆಯ ಬೆಣ್ಣೆ ದೋಸೆಯ ರುಚಿ ಬರುತ್ತಾ ಅಂತ ಕೇಳಬೇಡಿ. ಅದು ಅಲ್ಲಿ ಗ್ಯಾಸಿನಲ್ಲೂ ಬರುತ್ತಿರಲಿಲ್ಲ.) ಒಗ್ಗರಣೆ ಸೌಟಂತೂ ಇಂಡಕ್ಷನ್ ಕಣ್ಣಿಗೇ ಬೀಳುವುದಿಲ್ಲ, ತಳ ಅಷ್ಟು ಚಿಕ್ಕದು.

ಹೊರಡುವ ಮುಂಚೆ ಮಂಡಿಪೇಟೆಗೆ ಪಾತ್ರೆ ಕೊಳ್ಳಲು ಹೋಗುತ್ತೀರಲ್ಲ, ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ತಗೊಳ್ಳಿ. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್, ತಾಮ್ರದ ತಳದ್ದು, ಗುಂಡು ತಳದ ಬಾಣಲೆ ಬೇಡ. ಇಲ್ಲಿನ ಇಂಡಕ್ಷನ್ ಒಲೆಯನ್ನೂ ಹೊತ್ತುಕೊಂಡು ಹೋಗಬೇಡಿ. ಅದು 230 ವೋಲ್ಟಿನದು, ಅಲ್ಲಿನ ಸಾಕೆಟ್ 120.

‘ಕರೆಂಟ್ ಹೋದ್ರೆ?’ ಬೆಸ್ಕಾಂ ಕಂಡವರು ಕೇಳಲೇಬೇಕಾದ ಪ್ರಶ್ನೆ. ಅಲ್ಲೂ ಹೋಗುತ್ತದೆ. ಜೋರು ಗಾಳಿ ಬೀಸಿದರೆ ಕಾಡ್ಗಿಚ್ಚಿನ ಭಯಕ್ಕೆ ಕರೆಂಟ್ ಕಂಪನಿಯವರೇ ಲೈನ್ ಬಂದ್ ಮಾಡುವುದೂ ಉಂಟು. ಆದರೆ ಗ್ಯಾಸಿನಲ್ಲಿ ಮನೆ ಬಿಸಿ ಮಾಡುವ ಯಂತ್ರದ ಫ್ಯಾನಿಗೂ ಕರೆಂಟೇ ಬೇಕು. ಉಳಿಯುವುದು ಒಲೆ, ಹಳೆ ಮಾದರಿಯ ಟ್ಯಾಂಕ್ ಹೀಟರ್ ಇದ್ದರೆ ಬಿಸಿನೀರು, ಅಷ್ಟೆ. ನಾವು ಒಂದು ಕ್ಯಾಂಪಿಂಗ್ ಸ್ಟೌ ಇಟ್ಟುಕೊಂಡಿದ್ದೇವೆ. ಅದನ್ನು ಮನೆ ಹೊರಗೇ ಹಚ್ಚಬೇಕು.

ಬಿಲ್ ಇಳಿಯುತ್ತದೆ ಅಂತ ಮಾತು ಕೊಡಲಾರೆ. ಇಲ್ಲಿ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಉಚಿತ. ಕ್ಯಾಲಿಫೋರ್ನಿಯಾದ ಕರೆಂಟು ಅಮೆರಿಕದಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಹಲವು ಪ್ಲಾನ್‌ಗಳಲ್ಲಿ ಸಂಜೆ 4ರಿಂದ 9ರವರೆಗೆ ದರ ಇನ್ನೂ ಹೆಚ್ಚು, ಹಾಗಾಗಿ ನೀರನ್ನು ಮಧ್ಯಾಹ್ನವೇ ಕಾಯಿಸಿಕೊಳ್ಳುವಂತೆ ಟೈಮರ್ ಇಡಿ. ಹೀಟ್ ಪಂಪಿಗಿದ್ದ ಅಲ್ಲಿನ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದುಹೋಯಿತು. ಹಳೆಯ ವಿಡಿಯೋ ನೋಡಿ ಅದನ್ನು ಬಜೆಟ್ಟಿಗೆ ಸೇರಿಸಬೇಡಿ.

ಬಾಡಿಗೆಗೆ ಇರುವವರು ಸುಮ್ನೆ 1800 ವಾಟಿನ ಒಂಟಿ ಇಂಡಕ್ಷನ್ ಒಲೆ ಕೊಂಡು ಕೈ ಪಳಗಿಸಿಕೊಳ್ಳಿ. ಸ್ವಂತ ಮನೆಯವರು ಪ್ರತಿ ಕೆಲಸಕ್ಕೂ ನಗರಸಭೆಯ ಪರ್ಮಿಟ್ ತೆಗೆಸಿ. ಎಲ್ಲಾ ಮುಗಿದ ಮೇಲೆ ಗ್ಯಾಸ್ ಖಾತೆ ಮುಚ್ಚಿಸಲು ಮರೆಯಬೇಡಿ.

ನಮ್ಮ ಖಾತೆ ಇನ್ನೂ ಮುಚ್ಚಿಲ್ಲ. ಡಿಸೆಂಬರಿನಲ್ಲಿ ಕೂರಿಸಿದ ಆ ಹೀಟರ್ ಹೋಯಿತು, ಒಲೆ ಹೋಯಿತು. ಬಟ್ಟೆ ಒಣಗಿಸುವ ಯಂತ್ರ ಮಾತ್ರ ಗ್ಯಾಸಿನದೇ. ಅದರ ಪಕ್ಕದಲ್ಲಿ 240 ವೋಲ್ಟಿನ ಸಾಕೆಟ್ ಹಾಕಿಸಿ ಎರಡು ವರ್ಷ ಆಯಿತು. ಪುಣ್ಯಾತ್ಮ ಯಂತ್ರ ಕೆಡುತ್ತಲೇ ಇಲ್ಲ.